ಕಿಟ್ಟೆಲ್ಲರ ಬಾಳು: ಕೃಪೆಯೂ ಕಾಯಕವೂ

ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂಬ ವಾದವು ನಮ್ಮಲ್ಲಿ ಇಂದು ನಿನ್ನೆಯದಲ್ಲ. ಪರೀಕ್ಷೆಗಳು ಸಮೀಪಿಸಿದಂತೆಲ್ಲ ಅದು ವಸತಿಗೃಹದ ಕೋಣೆ ಕೋಣೆಗಳಲ್ಲಿಯೂ ತಲೆಯೆತ್ತುವದು. ವರ್ಷವೆಲ್ಲ ಓದಿದವನು ಪ್ರಯತ್ನದ ಪಕ್ಷ ವಹಿಸುವನು. ಪುಸ್ತಕ ಮುಟ್ಟದವನು ದೈವದ ಪಕ್ಷ ವಹಿಸುವನು. ಫಲಿತಾಂಶ ಹೊರಬಿದ್ದ ದಿನ ಮಾತ್ರ ಇಬ್ಬರೂ ಪಕ್ಷ ಬದಲಿಸುವದುಂಟು. ಈ ವಾದವನ್ನು ಬರಿಯ ಮಾತಿನಿಂದ ತೀರಿಸಲಾಗದೆಂದು ನನಗೆ ತೋರಿದೆ. ಯಾವನಾದರೊಬ್ಬನ ಇಡಿಯ ಬಾಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಏನಾದರೂ ಬೆಳಕು ಕಂಡೀತು. ಅದಕ್ಕಾಗಿ ನಾನು ಆರಿಸಿಕೊಂಡದ್ದು ಕನ್ನಡದ ಮಹಾನಿಘಂಟುಕಾರರಾದ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ಲರ ಬಾಳನ್ನು.

ಇವರನ್ನೇ ಏಕೆ ಆರಿಸಿಕೊಂಡೆನೆಂಬುದನ್ನು ಮೊದಲು ಹೇಳಬೇಕು. ನಾನು ಗದಗ ತಾಲೂಕಿನ ಕೋಟುಮಚಗಿಯವನು, ಒಕ್ಕಲು ಮನೆತನದವನು. ಕ್ರೈಸ್ತನಲ್ಲ. ಕ್ರೈಸ್ತರೆಂದರೆ ನಮ್ಮ ಮನೆಯಲ್ಲಿ ಬಹುಕಾಲ ಒಂದೇ ನೆನಪು, ಬೆಟಗೇರಿಯ ದವಾಖಾನೆ. ಅದನ್ನು ಹಿರಿಯರು ಇಂದಿಗೂ ಜರ್ಮನ್ ದವಾಖಾನೆ ಎಂದೇ ಕರೆಯುತ್ತಾರೆ. ಬಿ.ಎ. ಮೊದಲ ವರ್ಷದಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕಿಟ್ಟೆಲ್ಲರ ನಿಘಂಟನ್ನು ಮೊದಲ ಸಲ ಕೈಗೆತ್ತಿಕೊಂಡೆ. ಪಾಠಕ್ಕೆ ಬೇಕಾದ ಹಳಗನ್ನಡ ಶಬ್ದ ಹುಡುಕುವದನ್ನು ಬಿಟ್ಟು, ಹುಡುಗಾಟಕ್ಕೆಂಬಂತೆ ನಮ್ಮ ತಂದೆಯವರು ದಿನಾಲು ಆಡುವ ಮಾತುಗಳನ್ನು ಹುಡುಕತೊಡಗಿದೆ. ಕುಂಟೆ ಸಿಕ್ಕಿತು. ಕೂರಿಗೆ ಸಿಕ್ಕಿತು. ಒಡ್ಡು ಸಿಕ್ಕಿತು. ನನಗೆ ಒಂದು ಬಗೆಯ ನಾಚಿಕೆಯೂ ಒಂದು ಬಗೆಯ ಹಿಗ್ಗೂ ಒಟ್ಟಿಗೇ ಆದವು. ಪಟ್ಟಣಕ್ಕೆ ಬಂದ ಮೇಲೆ ನಾನು ಬಾಯಿಂದ ಹೊರಡಗೊಡದಿದ್ದ ಶಬ್ದಗಳನ್ನು ಏಳು ಸಮುದ್ರದಾಚೆಯ ಪಾದ್ರಿಯೊಬ್ಬರು ಮುತ್ತಿನಂತೆ ಆಯ್ದು ಪೋಣಿಸಿ ಇಟ್ಟಿದ್ದರು. ಆ ಪಾದ್ರಿಗಳು ಯಾರು, ಯಾವ ಬಲದಿಂದ ಇದನ್ನು ಮಾಡಿದರು ಎಂದು ಅರಿಯುವ ಆಸೆ ಅಂದು ಹುಟ್ಟಿತು.

ಫರ್ಡಿನಂಡ್ ಕಿಟ್ಟೆಲ್ಲರು ಹುಟ್ಟಿದ್ದು 1832ನೆಯ ಇಸವಿ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿಗಳು. ಆ ಸೀಮೆ ಉತ್ತರ ಸಮುದ್ರದ ದಂಡೆಯ ತಗ್ಗು ನೆಲ. ಉಬ್ಬರದ ನೀರು ಹೊಲಮನೆಗಳನ್ನು ನುಂಗದಂತೆ ಅಲ್ಲಿಯ ಜನ ಶತಮಾನಗಳಿಂದಲೂ ಒಡ್ಡು ಕಟ್ಟಿ ಕಾಯುತ್ತ ಬಂದಿದ್ದಾರೆ. ನಾವು ನೀರು ಹೋಗಬಾರದೆಂದು ಒಡ್ಡು ಹಾಕುವವರು. ಅವರು ನೀರು ಬರಬಾರದೆಂದು ಹಾಕುವವರು. ಒಡ್ಡಿನ ಮೇಲೆ ಒಂದು ದಿನ ಕಣ್ಣು ತಪ್ಪಿದರೂ ಕೇಡೆಂಬುದು ಮಾತ್ರ ಎರಡೂ ಕಡೆ ಒಂದೇ.

ಬಾಲಕ ಕಿಟ್ಟೆಲ್ಲರು ಔರಿಕ್ ಪಟ್ಟಣದ ಶಾಲೆಯಲ್ಲಿ ಓದಿ, ಗ್ರೀಕ್ ಲ್ಯಾಟಿನ್ ಮೊದಲಾದ ಪ್ರಾಚೀನ ಭಾಷೆಗಳಲ್ಲಿ ಪಳಗಿ, 1850ರಲ್ಲಿ ಸ್ವಿತ್ಸರ್ಲಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿದರು. ಆಗ ಅವರಿಗೆ ಹದಿನೆಂಟು ವರ್ಷ.

ಇಲ್ಲಿ ಆ ವಿದ್ಯಾಲಯದ ಹಿಂದಿದ್ದ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳದೆ ಮುಂದೆ ಹೋಗಲಾಗದು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರರು ಸಂನ್ಯಾಸಿಯಾಗಿ ಉಪವಾಸ ಜಾಗರಣೆಗಳಿಂದ ದೇಹವನ್ನು ದಂಡಿಸಿಯೂ ಮನಃಶಾಂತಿ ಕಾಣದೆ, ಕೊನೆಗೆ ಮನುಷ್ಯನು ದೇವರ ಮುಂದೆ ನಿರ್ದೋಷಿಯಾಗುವದು ತನ್ನ ಪುಣ್ಯಕಾರ್ಯಗಳಿಂದಲ್ಲ, ದೇವರ ಉಚಿತವಾದ ಕೃಪೆಯಿಂದ, ಅದನ್ನು ನಂಬಿ ಸ್ವೀಕರಿಸುವದರಿಂದ ಎಂದು ಸಾರಿದರು. ಕೃಪೆಯನ್ನು ಗಳಿಸಲಾಗದು, ಗಳಿಸಿದರೆ ಅದು ಕೂಲಿಯಾದೀತು, ಕೃಪೆಯಾಗಲಾರದು. ಇದು ಅವರ ಬೋಧೆಯ ತಿರುಳು. ಆದರೆ ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಈ ಬೋಧೆಯನ್ನು ಬಾಯಿಪಾಠ ಮಾಡಿ ಬಾಳಿನಲ್ಲಿ ಸಡಿಲಾದವರು ಹೆಚ್ಚಿದರು. ಕೃಪೆ ಇದೆಯೆಂದ ಮೇಲೆ ಶ್ರಮವೇಕೆ ಎಂಬ ಭಾವನೆ ಅದು. ಇದಕ್ಕೆ ಮದ್ದೆಂಬಂತೆ ಫಿಲಿಪ್ ಯಾಕೊಬ್ ಸ್ಪೆನರರು 1675ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ ನಿತ್ಯ ಪ್ರಾರ್ಥನೆ, ಬೈಬಲ್ ಅಧ್ಯಯನ, ಆತ್ಮಪರೀಕ್ಷೆ, ಶುದ್ಧ ನಡತೆಗಳ ಕಡೆಗೆ ಜನರ ಗಮನ ಸೆಳೆದರು. ಈ ಭಕ್ತಿಪಂಥದ ಮಡಿಲಲ್ಲಿಯೇ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿದ್ದು. ಅದರ ವಿದ್ಯಾಲಯದಲ್ಲಿ ಶಿಸ್ತು ಕಟ್ಟುನಿಟ್ಟು. ಪ್ರಾರ್ಥನೆ, ಪಾಠ, ಕೈಗೆಲಸ ಎಲ್ಲಕ್ಕೂ ನಿಯತವಾದ ವೇಳೆ. ಮಿಶನರಿಯ ವಿವಾಹಕ್ಕೂ ಸಮಿತಿಯ ಅಪ್ಪಣೆ ಬೇಕಾಗಿದ್ದಿತು.

ಹೀಗೆ ಒಂದು ಕಿವಿಯಲ್ಲಿ ಎಲ್ಲವೂ ಕೃಪೆಯೆಂಬ ಬೋಧೆ, ಇನ್ನೊಂದು ಕಿವಿಯಲ್ಲಿ ಎದ್ದೇಳೆಂಬ ಗಂಟೆ. ಇವೆರಡನ್ನೂ ಕೇಳುತ್ತ ಬೆಳೆದ ತರುಣರು 1853ರಲ್ಲಿ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹಿಂದುಸ್ಥಾನಕ್ಕೆ ಬಂದರು. ಬಹುಮಟ್ಟಿಗೆ ನನ್ನದೇ ವಯಸ್ಸು.

ಬಂದವರು ಬಂದ ಉತ್ಸಾಹದಲ್ಲಿ ಕೈಕೊಂಡದ್ದು ಕಠಿಣವಾದ ಮಾರ್ಗವನ್ನೇ. ಎಲ್ಲರಿಗೂ ಎಲ್ಲವೂ ಆದೆನೆಂದು ಬರೆದ ಸಂತ ಪೌಲನ ಆದರ್ಶ ಅವರ ಕಣ್ಣ ಮುಂದಿದ್ದಿತು. ಈ ನಾಡಿನವರೊಡನೆ ಮಾತನಾಡಬೇಕಾದರೆ ಈ ನಾಡಿನವನೇ ಆಗಬೇಕು. ಇವರ ಭಾಷೆ, ನಡೆ, ಹಾಡು, ನಂಬಿಕೆಗಳನ್ನು ಒಳಹೊಕ್ಕು ಅರಿಯಬೇಕು ಎಂದು ಅವರು ನಿಶ್ಚಯಿಸಿದರು. ಬಂಗಲೆಯ ವರಾಂಡದಿಂದ ಉಪದೇಶ ಮಾಡುವದು ಅವರಿಗೆ ಒಗ್ಗಲಿಲ್ಲ. ಅವರ ಈ ನಿಷ್ಠುರತೆ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಹಟಮಾರಿ ಎನ್ನಿಸಿಕೊಂಡರು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಮಡಿಕೇರಿ ಎಂದು ಹಲವು ಕಡೆ ಇದ್ದರು. ಬರಬರುತ್ತ ಅವರ ಪಾಲಿಗೆ ಬಂದದ್ದು ಬೀದಿಯ ಉಪದೇಶವಲ್ಲ, ಮೇಜಿನ ಕೆಲಸ. ಪಠ್ಯಪುಸ್ತಕ, ಸಂಪಾದನೆ, ಮುದ್ರಣಾಲಯ.

ಮಿಶನರಿಯ ಕೆಲಸವನ್ನು ಜನ ಅಳೆಯುವದು ಯಾವದರಿಂದ? ಎಷ್ಟು ಜನರನ್ನು ತನ್ನ ಧರ್ಮಕ್ಕೆ ಸೇರಿಸಿದನೆಂಬುದರಿಂದ. ಆ ಅಳತೆಯಿಂದ ನಮ್ಮ ಸೀಮೆಯಲ್ಲಿ ಬಾಸೆಲ್ ಮಿಶನ್ನಿನ ಸುಗ್ಗಿ ಚಿಕ್ಕದೇ. 1841ರ ಸುಮಾರಿಗೆ ಬೆಟಗೇರಿಯಲ್ಲಿ ಕೇಂದ್ರ ತೆರೆದರು. ಗದಗಿನ ಬದಿಯ ಮಲ್ಲಸಮುದ್ರದಲ್ಲಿ ಕ್ರೈಸ್ತರ ಕೃಷಿವಸಾಹತು ಕಟ್ಟುವ ಪ್ರಯತ್ನವನ್ನೂ ಮಾಡಿದರು. ಎಣಿಸಿದ ಫಲ ಕೈಗೂಡಲಿಲ್ಲ. ಕಿಟ್ಟೆಲ್ಲರ ಹೆಸರೂ ದೊಡ್ಡ ಮತಪ್ರಚಾರಕರ ಸಾಲಿನಲ್ಲಿ ಬರುವದಿಲ್ಲ. ತಾನು ಯಾವ ಕೆಲಸಕ್ಕೆಂದು ಮನೆ ಬಿಟ್ಟು ಬಂದನೋ ಆ ಕೆಲಸದಲ್ಲಿ ಕಣ್ಣಿಗೆ ಕಾಣುವ ಫಲ ದೊರೆಯದಿದ್ದಾಗ ಮನುಷ್ಯನಿಗೆ ಎರಡು ದಾರಿ. ಒಂದು, ನನ್ನ ಪ್ರಯತ್ನ ಸಾಲದೆಂದು ತನ್ನನ್ನು ತಾನೇ ಹೊಡೆದುಕೊಳ್ಳುವದು. ಇನ್ನೊಂದು, ದೇವರ ಚಿತ್ತವಿಲ್ಲವೆಂದು ಕೈಚೆಲ್ಲಿ ಕೂಡ್ರುವದು. ಕಿಟ್ಟೆಲ್ಲರು ಇವೆರಡನ್ನೂ ಹಿಡಿಯಲಿಲ್ಲ. ಫಲವನ್ನು ಕೊಡುವವನಿಗೆ ಬಿಟ್ಟು ತಮ್ಮ ಪಾಲಿನ ನೇಗಿಲನ್ನು ಬಿಡದೆ ಹಿಡಿದರು.

ಮನೆಯ ದುಃಖವೂ ಅವರನ್ನು ಬಿಡಲಿಲ್ಲ. 1860ರಲ್ಲಿ ಪೌಲೀನ್ ಐತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಮುಂದೆ ಪೌಲೀನರ ತಂಗಿ ಯೂಲಿಯವರನ್ನು ವಿವಾಹವಾಗಿ ಮತ್ತೆ ಸಂಸಾರ ಕಟ್ಟಿದರು. ಈ ವರ್ಷಗಳ ಹಿಂದುಮುಂದೆಯೇ ಅವರ ಕನ್ನಡ ಕೆಲಸ ಬೇರುಬಿಟ್ಟದ್ದು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳುವ ಕಥಾಮಾಲೆಯನ್ನು ಪ್ರಕಟಿಸಿದ್ದರು. ಪರದೇಶದ ರಾಗ ತಂದು ನಮ್ಮ ಬಾಯಿಗೆ ತುರುಕದೆ, ನಮ್ಮ ಜನ ಹಾಡಿಕೊಂಡು ಬಂದ ಧಾಟಿಯಲ್ಲಿಯೇ ತಮ್ಮ ಭಕ್ತಿಯನ್ನು ಹೇಳಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಹೊರತಂದರು.

1872ರಲ್ಲಿಯೇ ಅವರು ಯಜ್ಞಸುಧಾನಿಧಿ ಎಂಬ ಚಿಕ್ಕ ಪುಸ್ತಕವನ್ನೂ ಬರೆದರು. ವೇದಕಾಲದ ಯಜ್ಞಗಳನ್ನು ವಿಚಾರಿಸಿ, ಮನುಷ್ಯನು ಅರ್ಪಿಸುವ ಬಲಿಗಳೆಲ್ಲ ಕ್ರಿಸ್ತನ ಒಂದೇ ಬಲಿಯಲ್ಲಿ ಪೂರ್ಣವಾದವೆಂಬ ಅಭಿಪ್ರಾಯವನ್ನು ಅಲ್ಲಿ ಮಂಡಿಸಿದರು. ಈ ಅಭಿಪ್ರಾಯವನ್ನು ನಾವು ಒಪ್ಪಬೇಕಾಗಿಲ್ಲ. ಲಿಂಗಪೂಜೆಯ ಮೂಲವನ್ನು ಕುರಿತು 1876ರಲ್ಲಿ ಜರ್ಮನ್ ಭಾಷೆಯಲ್ಲಿ ಅವರು ಬರೆದುದನ್ನೂ ನಮ್ಮ ಮನೆಯ ಹಿರಿಯರು ಒಪ್ಪಲಾರರು. ತಮ್ಮ ಧರ್ಮವೇ ಸತ್ಯವೆಂದೂ ನಾವು ಅದಕ್ಕೆ ಬರಬೇಕೆಂದೂ ಅವರು ನಂಬಿದ್ದರು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ. ಆದರೆ ನನ್ನ ಕಣ್ಣಿಗೆ ಬಿದ್ದ ಸೋಜಿಗ ಬೇರೆ. ಮನುಷ್ಯನ ಯಜ್ಞದಿಂದ ಮುಕ್ತಿಯಿಲ್ಲ, ಎಲ್ಲವೂ ಕೃಪೆ ಎಂದು ಬರೆದ ಆ ಕೈಯೇ ಅದೇ ಕಾಲದಿಂದ ಮೊದಲುಗೊಂಡು ಎರಡು ದಶಕಗಳಿಗೂ ಮಿಕ್ಕಿ ಮತ್ತೊಂದು ಯಜ್ಞವನ್ನು ನಡೆಯಿಸಿತು. ಅದೇ ನಿಘಂಟು.

ಆ ಯಜ್ಞದ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟಿನ ಪುಟಗಳು ಪೀಠಿಕೆಯನ್ನು ಬಿಟ್ಟು 1752. ಶಬ್ದಗಳು ಸುಮಾರು 70,000. ಇಪ್ಪತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 3,500. ದಿನಕ್ಕೆ ಒಂಬತ್ತು ಹತ್ತು ಶಬ್ದ. ಹತ್ತು ಶಬ್ದವೆಂದರೆ ಯಾರಿಗೂ ದೊಡ್ಡದಾಗಿ ತೋರದು. ಆದರೆ ಆ ಹತ್ತರಲ್ಲಿ ಒಂದೊಂದಕ್ಕೂ ಶಬ್ದಮಣಿದರ್ಪಣ, ಬಸವಪುರಾಣ, ಜೈಮಿನಿ ಭಾರತ ಮೊದಲಾದವುಗಳಲ್ಲಿ ಪ್ರಯೋಗ ಹುಡುಕಬೇಕು. ತಮಿಳು, ತೆಲುಗು, ಮಲಯಾಳ, ತುಳುಗಳ ಸೋದರ ರೂಪ ನೋಡಬೇಕು. ಸಂಸ್ಕೃತದಿಂದ ಬಂದುದೋ ದೇಶ್ಯವೋ ನಿರ್ಣಯಿಸಬೇಕು. ಜನರ ಬಾಯಲ್ಲಿರುವ ಗಾದೆ ಸಿಕ್ಕರೆ ಅದನ್ನೂ ಸೇರಿಸಬೇಕು. ಕಾಯಿಲೆಯ ದಿನವೂ, ಪ್ರಯಾಣದ ದಿನವೂ, ಬೇಸರದ ದಿನವೂ ಈ ಹತ್ತರ ಲೆಕ್ಕ ತಪ್ಪಬಾರದು. ಒಂದು ದಿನ ತಪ್ಪಿದರೆ ಮರುದಿನ ಇಪ್ಪತ್ತು. 1877ರಲ್ಲಿ ತಾಯ್ನಾಡಿಗೆ ಹೋದವರು ಈ ಕೆಲಸಕ್ಕಾಗಿಯೇ 1883ರಲ್ಲಿ ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ನಮ್ಮ ನಾಡಿಗೆ ಬಂದು, 1892ರಲ್ಲಿ ಕೊನೆಯ ಸಲ ಹಿಂದಿರುಗಿದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಮನ್ನಿಸಿತು. ಆಗಲೂ ಲೇಖನಿ ಕೆಳಗಿಡಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಕಣ್ಣುಮುಚ್ಚಿದರು.

ಇದೆಲ್ಲವನ್ನು ನೋಡಿದವರು ಇದು ಬರಿಯ ಪುರುಷಪ್ರಯತ್ನದ ಜಯವೆಂದಾರು. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಒಂದು ಪ್ರಶ್ನೆ ನನ್ನನ್ನು ತಡೆಯಿತು: ಆ ಎಪ್ಪತ್ತು ಸಾವಿರ ಶಬ್ದಗಳಲ್ಲಿ ಕಿಟ್ಟೆಲ್ಲರು ಸೃಷ್ಟಿಸಿದ್ದು ಯಾವದು? ಕುಂಟೆಯನ್ನೂ ಕೂರಿಗೆಯನ್ನೂ ಅವರು ಮಾಡಲಿಲ್ಲ. ಅವು ಒಕ್ಕಲಿಗರ ಬಾಯಲ್ಲಿದ್ದವು. ಹಳಗನ್ನಡವನ್ನು ಕವಿಗಳು ಕೊಟ್ಟಿದ್ದರು. ಅರ್ಥ ತಿಳಿಯದಲ್ಲಿ ಈ ನಾಡಿನ ಪಂಡಿತರು ಬಿಡಿಸಿ ಹೇಳಿದರು. ಅವರಲ್ಲಿ ಎಷ್ಟೋ ಜನರ ಹೆಸರು ಇಂದು ನಮ್ಮ ನಾಲಗೆಯ ಮೇಲಿಲ್ಲ. ವಿಲಿಯಂ ರೀವ್ ಎಂಬ ಇನ್ನೊಬ್ಬ ಪಾದ್ರಿಗಳ ಕನ್ನಡ ನಿಘಂಟು 1832ರಲ್ಲಿಯೇ, ಅಂದರೆ ಕಿಟ್ಟೆಲ್ಲರು ತೊಟ್ಟಿಲಲ್ಲಿದ್ದಾಗಲೇ, ಅಚ್ಚಾಗಿದ್ದಿತು. ಕಿಟ್ಟೆಲ್ಲರಿಗೆ ಬಂದದ್ದೆಲ್ಲ ಕೊಡಲ್ಪಟ್ಟದ್ದು. ಕೊಟ್ಟದ್ದು ಹರಿದುಹೋಗದಂತೆ ಹಿಡಿದಿಟ್ಟದ್ದು ಮಾತ್ರ ಅವರ ದುಡಿಮೆ.

ಗದಗಿನ ವೀರನಾರಾಯಣನ ಗುಡಿಯನ್ನು ಕಂಡವರಿಗೆ ಕುಮಾರವ್ಯಾಸನ ಕಥೆ ಗೊತ್ತು. ಮಿಂದು ಒದ್ದೆ ಬಟ್ಟೆಯಲ್ಲಿಯೇ ಕಂಬದ ಬಳಿ ಕುಳಿತು, ಬಟ್ಟೆ ಆರುವವರೆಗೆ ಕಾವ್ಯ ಬರೆಯುತ್ತಿದ್ದನಂತೆ. ಆರಿದೊಡನೆ ಕಾವ್ಯವೂ ನಿಲ್ಲುತ್ತಿತ್ತಂತೆ. ಕಾವ್ಯ ಕಟ್ಟಿದವನು ವೀರನಾರಾಯಣ, ತಾನು ಬರಿಯ ಲಿಪಿಕಾರನೆಂದು ಆತನೇ ಹೇಳಿಕೊಂಡಿದ್ದಾನೆ. ಕಾವ್ಯ ದೇವರದಾದರೂ ದಿನಾಲು ತಣ್ಣೀರು ಮೀಯುವ ಕೆಲಸ ಕವಿಯದೇ. ಶ್ರೀವೈಷ್ಣವರಲ್ಲಿಯೂ ಇದೇ ವಿಷಯಕ್ಕೆ ಎರಡು ಪಂಗಡಗಳಾದವು. ಮಂಗನ ಮರಿ ತಾಯಿಯನ್ನು ತಾನೇ ಅವಚಿಕೊಳ್ಳುವಂತೆ ಜೀವನು ದೇವರನ್ನು ಹಿಡಿಯಬೇಕೆಂದು ವಡಗಲೆಯವರು; ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುವಂತೆ ದೇವರೇ ಒಯ್ಯುವನೆಂದು ತೆಂಗಲೆಯವರು. ಸಂತ ಪೌಲನೋ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ನೀವು ದುಡಿಯಬೇಕು, ಏಕೆಂದರೆ ನಿಮ್ಮೊಳಗೆ ದುಡಿಯುವವನು ದೇವರು ಎಂಬ ಭಾವವನ್ನು ತಿಳಿಸುತ್ತಾನೆ. ಈ ಏಕೆಂದರೆ ಎಂಬ ಒಂದು ಮಾತಿನಲ್ಲಿ ಗುಟ್ಟೆಲ್ಲ ಅಡಗಿದೆಯೆಂದು ನನಗನ್ನಿಸುತ್ತದೆ. ಕೃಪೆ ಮೊದಲು, ದುಡಿಮೆ ಆಮೇಲೆ. ದುಡಿಮೆಯು ಕೃಪೆಯ ಬೆಲೆಯಲ್ಲ. ಕೃಪೆಗೆ ಸಲ್ಲಿಸುವ ಮರುಮಾತು.

ಇದನ್ನು ನಾನು ಪುಸ್ತಕದಿಂದ ಅರಿಯುವ ಮೊದಲು ನಮ್ಮ ತಂದೆಯವರಿಂದ ಅರಿಯಬೇಕಾಗಿದ್ದಿತು. ಎರಡನೆಯ ವರ್ಷದಲ್ಲಿ ನಾನು ಒಂದು ವಿಷಯದಲ್ಲಿ ತೇರ್ಗಡೆಯಾಗಲಿಲ್ಲ. ನಮ್ಮ ಹಣೆಯಲ್ಲಿ ಬರೆದಿಲ್ಲವೆಂದುಕೊಂಡು ಕಾಲೇಜು ಬಿಡುವ ಮನಸ್ಸು ಮಾಡಿ ಊರಿಗೆ ಹೋದೆ. ನಮ್ಮ ಊರಿನ 1012ನೆಯ ಇಸವಿಯ ಶಾಸನವೊಂದರಲ್ಲಿ ವಿದ್ಯಾದಾನಕ್ಕಾಗಿ ಭೂಮಿ ಬಿಟ್ಟ ಸಂಗತಿಯಿದೆ. ಆ ವಿದ್ಯೆ ನಮ್ಮ ಮನೆಯ ಹೊಸ್ತಿಲಿಗೆ ಬರಲು ಸಾವಿರ ವರ್ಷ ಹಿಡಿಯಿತು; ಬಂದದ್ದು ಹೀಗೆ ತಿರುಗಿಹೋಗುವದೆಂದು ನನಗೆ ದುಃಖವಾಗಿದ್ದಿತು. ತಂದೆಯವರು ಬಯ್ಯಲಿಲ್ಲ. ಎರೆಹೊಲಕ್ಕೆ ಕರೆದೊಯ್ದು ಹಿಂದಿನ ವಾರದ ಮಳೆಗೆ ಒಡೆದ ಒಡ್ಡನ್ನು ತೋರಿಸಿದರು. ಒಡ್ಡು ಮಳೆಯನ್ನು ತರುವದಿಲ್ಲ, ಆದರೆ ಒಡ್ಡಿಲ್ಲದ ಹೊಲದಲ್ಲಿ ಬಂದ ಮಳೆಯೂ ನಿಲ್ಲುವದಿಲ್ಲ, ಹಳ್ಳದ ಪಾಲಾಗುವದು ಎಂದಷ್ಟೇ ಅವರ ಮಾತಿನ ಸಾರ. ಮುಂದೆ ಮಾತಾಡದೆ ಸಲಿಕೆ ನನ್ನ ಕೈಗೆ ಕೊಟ್ಟರು. ಸಂಜೆಯವರೆಗೆ ಇಬ್ಬರೂ ಮಣ್ಣು ಹಾಕಿದೆವು. ಆ ವಾರವೇ ನಾನು ಕಾಲೇಜಿಗೆ ಮರಳಿದೆ.

ಅಂದಿನಿಂದ ನನಗೆ ಕಿಟ್ಟೆಲ್ಲರ ಬಾಳು ಒಂದು ಒಡ್ಡಿನಂತೆ ಕಾಣುವದು. ತಮ್ಮ ಶಿಸ್ತಿನಿಂದ ಮಳೆ ತರಿಸುವೆನೆಂಬ ಅಹಂಕಾರ ಅವರ ಧರ್ಮಕ್ಕೆ ಸಲ್ಲದು. ಮಳೆ ಬರುವದೆಂದು ಮಲಗುವ ಆಲಸ್ಯ ಅವರ ಸ್ವಭಾವಕ್ಕೆ ಸಲ್ಲದು. ಅವರು ಬಯಸಿದ ಬೆಳೆ ಬೇರೆ, ಅವರ ಹೊಲದಲ್ಲಿ ಬೆಳೆದ ಬೆಳೆ ಬೇರೆ. ನಮ್ಮನ್ನು ತಮ್ಮ ದೇವರ ಬಳಿಗೆ ಒಯ್ಯಲೆಂದು ಬಂದವರು ನಮ್ಮನ್ನು ನಮ್ಮ ನುಡಿಯ ಬಳಿಗೆ ಒಯ್ದರು. ಇದೂ ಒಂದು ಕೃಪೆಯೇ ಇರಬೇಕು. ಬಿತ್ತಿದವನು ಎಣಿಸದ ಫಲವನ್ನು ಬಿತ್ತಿದವನ ಕೈಯಿಂದಲೇ ಕೊಡಿಸುವ ಕೃಪೆ.

ಇಂದು ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ನಿಂತಿದೆ. ಧಾರವಾಡದ ಕಾಲೇಜೊಂದಕ್ಕೆ ಅವರ ಹೆಸರಿದೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯವು ನಾಲ್ಕು ಸಂಪುಟಗಳಲ್ಲಿ ಹೊರತಂದಿದೆ. ಇವೆಲ್ಲ ದೊಡ್ಡ ಗೌರವಗಳೇ. ಆದರೆ ಪದವಿ ಪಡೆದು ಹೊರಡಲಿರುವ ನಮ್ಮಂಥವರು ಅವರಿಗೆ ಸಲ್ಲಿಸಬಹುದಾದ ಗೌರವ ಇನ್ನೊಂದಿದೆ. ನಮ್ಮ ಪಾಲಿನ ಹತ್ತು ಶಬ್ದ ಯಾವದೆಂದು ಗುರುತಿಸಿಕೊಂಡು, ಮೋಡವಿರಲಿ ಬಿಸಿಲಿರಲಿ, ಅದನ್ನು ಈ ಹೊತ್ತು ಮಾಡಿ ಮುಗಿಸುವದು. ಉಳಿದದ್ದು ನಮ್ಮ ಕೈಯಲ್ಲಿಲ್ಲ; ನಮ್ಮ ಕೈಯಲ್ಲಿ ಇಲ್ಲದಿರುವದೇ ನಮಗೆ ದೊಡ್ಡ ಆಸರೆ.